ತಂತಿ ಕಳಚಿದ ಮನೆಯಲ್ಲಿ

ಕಳೆದ ಶ್ರಾವಣ ಮಾಸದಲ್ಲಿ ದೇವಸುಗೂರಿನಲ್ಲಿ ತಿಂಗಳ ಪರ್ಯಂತ ನಡೆದ ಪ್ರವಚನದಲ್ಲಿ ಒಂದು ಸಂಜೆ ನಾವು ದೂರದರ್ಶನದ ವಿಷಯವನ್ನು ಎತ್ತಿದೆವು. ಅಂದು ಅದು ಮುಖ್ಯ ವಿಷಯವೇನೂ ಆಗಿರಲಿಲ್ಲ. ಕಾಲದ ಸದ್ವಿನಿಯೋಗದ ಬಗ್ಗೆ ಹೇಳುತ್ತಿದ್ದಾಗ, ಸಂಜೆಯ ಲಿಂಗಪೂಜೆಯ ಹೊತ್ತಿಗೇ ಧಾರಾವಾಹಿಗಳು ಆರಂಭವಾಗುವುದನ್ನು ನೆನೆದು, ಪ್ರತಿ ತಿಂಗಳು ಹಣ ತೆತ್ತು ನಮ್ಮ ಮನೆಯ ಸಂಜೆಯನ್ನು ನಾವೇ ಪರರ ವಶಕ್ಕೆ ಒಪ್ಪಿಸುತ್ತಿದ್ದೇವೆ ಎಂದೆವು. ಸಭೆಯಲ್ಲಿ ನಗೆಯೆದ್ದಿತು. ಅದರಿಂದ ಸಂತುಷ್ಟರಾಗಿ ನಾವು ಮುಂದಿನ ಮಾತಿಗೆ ಹೋದೆವು. ವೇದಿಕೆಯ ಮೇಲೆ ಕುಳಿತು ಮಾತನಾಡುವವರಿಗೆ ಇದೊಂದು ದೌರ್ಬಲ್ಯ. ಜನ ನಕ್ಕರೆ ಮಾತು ನಾಟಿತೆಂದೇ ಭಾವಿಸುತ್ತೇವೆ.

ಆದರೆ ಅಂದು ಸಭೆಯಲ್ಲಿದ್ದ ಒಬ್ಬ ಗೃಹಸ್ಥರಿಗೆ ಆ ಮಾತು ನಿಜವಾಗಿಯೇ ನಾಟಿತ್ತು. ಅವರು ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಮೇಲೆ ಪಾಳಿಯ ಕೆಲಸ ಮಾಡುವವರು. ಮನೆಯಲ್ಲಿ ಬಟ್ಟೆ ಹೊಲಿಯುವ ಪತ್ನಿ, ಹತ್ತನೆಯ ತರಗತಿಯ ಮಗಳು, ಏಳನೆಯ ತರಗತಿಯ ಮಗ ಮತ್ತು ಎಪ್ಪತ್ತು ದಾಟಿದ ತಾಯಿ. ಸಣ್ಣ ಮನೆ, ಸಣ್ಣ ಆದಾಯ, ದೊಡ್ಡ ಮರ್ಯಾದೆ. ಅವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಶ್ರಾವಣ ಮುಗಿದ ಮರುವಾರವೇ ಅವರು ಕೇಬಲ್ಲಿನವನನ್ನು ಕರೆದು, ಮುಂದಿನ ತಿಂಗಳಿನಿಂದ ತಮ್ಮ ಮನೆಗೆ ಸಂಪರ್ಕ ಬೇಡವೆಂದು ತಿಳಿಸಿದರಂತೆ. ದೀಪಾವಳಿ ಕಳೆದ ಮೇಲೆ ಪ್ರಸಾದಕ್ಕೆಂದು ಆ ಮನೆಗೆ ಹೋದಾಗಲೇ ನಮಗೆ ಈ ವಿಷಯ ತಿಳಿದದ್ದು. ಯಜಮಾನರು ಅಭಿಮಾನದಿಂದ ಹೇಳಿದರು, ನಾವೂ ಅಭಿಮಾನದಿಂದ ಕೇಳಿದೆವು. ಅಷ್ಟರಲ್ಲಿ ಒಳಮನೆಯ ಹೊಸ್ತಿಲ ಬಳಿ ಕುಳಿತಿದ್ದ ವೃದ್ಧ ತಾಯಿ ನಮ್ಮನ್ನು ಉದ್ದೇಶಿಸಿ ಹೀಗೆಂದರು:

“ಯಪ್ಪಾ, ನೀವು ಪುರಾಣ ಹೇಳಿ ಹೋಗಿಬಿಟ್ರಿ. ಇಲ್ಲಿ ನಾ ಮೂಕಿ ಆಗಿ ಕುಂತೀನಿ. ಮಗ ಡ್ಯೂಟಿಗೆ ಹೋಗ್ತಾನ, ಸೊಸಿ ಮಿಷಿನ್ ಮುಂದ ಕುಂದರ್ತಾಳ, ಹುಡುಗ್ರು ಸಾಲಿಗೆ ಹೋಗ್ತಾವ. ಆ ಡಬ್ಬಿಯೊಳಗಿನ ಮಂದಿಯಾದ್ರೂ ನನ್ನ ಕೂಡ ಇರ್ತಿದ್ರು. ಅವರನ್ನೂ ಕಳಿಸಿಬಿಟ್ರಿ.”

ನಮಗೆ ಉತ್ತರ ಹೊಳೆಯಲಿಲ್ಲ. ನಲವತ್ತು ವರ್ಷಗಳಿಂದ ಶಾಸ್ತ್ರ ಓದಿ, ಊರೂರು ತಿರುಗಿ ಪ್ರವಚನ ಮಾಡಿದವರು ನಾವು. ಮಂಡಿನೋವಿನಿಂದ ಸುಗೂರೇಶ್ವರನ ಗುಡಿಗೂ ನಡೆದು ಹೋಗಲಾರದ ಒಬ್ಬ ಮುತ್ತೈದೆತನ ಕಳೆದ ತಾಯಿಗೆ ಹಗಲು ಎಷ್ಟು ಉದ್ದವಿರುತ್ತದೆಂಬುದನ್ನು ಅಂದು ವೇದಿಕೆಯ ಮೇಲೆ ನೆನೆಯಲಿಲ್ಲ. ಈ ಲೇಖನ ಬರೆಯಲು ಆ ತಾಯಿಯ ಮಾತೇ ಕಾರಣ. ಟಿ.ವಿ.ಯನ್ನು ಬಿಡಿಸುವ ಉಪದೇಶ ಸುಲಭ. ಬಿಟ್ಟ ಮನೆಯಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ನೋಡಿ ಬರೆದವರು ಕಡಿಮೆ. ಆದ್ದರಿಂದ ನಾವು ಆ ಮನೆಗೆ ಮತ್ತೆ ಎರಡು ಸಲ ಹೋಗಿ ಕುಳಿತು, ಕೇಳಿ, ಲೆಕ್ಕ ಹಾಕಿ ಬಂದೆವು.

ಮೊದಲು ಹಣದ ಮಾತು. ಅವರು ಕೇಬಲ್ಲಿಗೆ ಕೊಡುತ್ತಿದ್ದುದು ತಿಂಗಳಿಗೆ 330 ರೂಪಾಯಿ, ವರ್ಷಕ್ಕೆ 3,960. ಈ ಲೆಕ್ಕ ಹೇಗೆ ಬೆಳೆಯಿತೆಂಬುದನ್ನು ಗೃಹಸ್ಥರು ತಿಳಿದಿರಬೇಕು. 2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ನಿಯಮ ಜಾರಿಗೆ ಬಂದಿತು. ಅದರಂತೆ ಮೊದಲ ನೂರು ಚಾನೆಲ್ಲುಗಳ ಸಂಪರ್ಕ ಶುಲ್ಕ 130 ರೂಪಾಯಿ ಮೀರುವಂತಿರಲಿಲ್ಲ. ಶೇಕಡಾ 18ರ ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಹಣದ ಚಾನೆಲ್ಲುಗಳಿಗೆ ಒಂದೊಂದಕ್ಕೂ ಬೇರೆ ಬೆಲೆ. ಮರುವರ್ಷ ಅಷ್ಟೇ ಶುಲ್ಕಕ್ಕೆ ಇನ್ನೂರು ಚಾನೆಲ್ಲುಗಳೆಂದಾಯಿತು. 2024ರಲ್ಲಿ ಆ ಶುಲ್ಕದ ಮೇಲ್ಮಿತಿಯನ್ನೂ ತೆಗೆದುಹಾಕಲಾಯಿತು. ನಿಯಮದ ಮೂಲ ಉದ್ದೇಶ ಒಳ್ಳೆಯದೇ: ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿ, ಅದಕ್ಕಷ್ಟೇ ಹಣ ಕೊಡಲಿ ಎಂಬುದು. ಆದರೆ ಆರಿಸುವವರು ಯಾರು? ಕಂಪನಿಗಳು ಕಟ್ಟಿಟ್ಟ ಗಂಟನ್ನೇ ಎಲ್ಲರೂ ಕೊಂಡರು. ಈ ಮನೆಯ ತಾಯಿ ಒಂದು ವಾರ ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಗುರುತು ಹಾಕಿ ನೋಡಿದರಂತೆ. ಇನ್ನೂರಕ್ಕೂ ಮಿಕ್ಕಿ ಬರುತ್ತಿದ್ದ ಚಾನೆಲ್ಲುಗಳಲ್ಲಿ ಮನೆಯವರು ನೋಡುತ್ತಿದ್ದುದು ಐದೇ ಐದು.

ಇಲ್ಲಿ ನಮ್ಮದೇ ಜಿಲ್ಲೆಯ ಶರಣ ದಂಪತಿಗಳ ನೆನಪಾಗದೆ ಇರದು. ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದ ಮಹಾತಾಯಿ ಲಕ್ಕಮ್ಮ. ಪುಕ್ಕಟೆ ಸಿಕ್ಕ ಅಕ್ಕಿಯ ವಿಷಯದಲ್ಲಿ ಆಕೆ ಅಷ್ಟು ನಿಷ್ಠುರಳಾದಳು. ನಾವು ನೋಡದ ಇನ್ನೂರು ಚಾನೆಲ್ಲುಗಳಿಗೆ ಹಣ ಕೊಟ್ಟು ಮನೆ ತುಂಬಿಸಿಕೊಂಡವರು.

ಆದರೂ ಹಣದ ಲಾಭವನ್ನು ಉಬ್ಬಿಸಿ ಹೇಳುವುದು ಸರಿಯಲ್ಲ. ವಿದ್ಯುತ್ತು ಉಳಿಯಿತೆಂದು ಯಜಮಾನರು ಹೇಳಿದಾಗ ನಾವು ಒಪ್ಪಲಿಲ್ಲ. ಈಗಿನ 32 ಇಂಚಿನ ಟಿ.ವಿ. ಸುಮಾರು 50 ವಾಟ್ ವಿದ್ಯುತ್ತನ್ನು ಬಳಸುತ್ತದೆ. ದಿನಕ್ಕೆ ಆರು ಗಂಟೆ ಉರಿದರೂ ತಿಂಗಳಿಗೆ ಒಂಬತ್ತು ಯೂನಿಟ್. 2023ರಿಂದ ಗೃಹಜ್ಯೋತಿ ಯೋಜನೆ ಬಂದ ಮೇಲೆ ಇಂತಹ ಸಣ್ಣ ಮನೆಗಳಿಗೆ ಬಿಲ್ಲೇ ಇಲ್ಲ, ಉಳಿಯುವುದೇನು? ಅದೂ ಅಲ್ಲದೆ, 1985ರಲ್ಲಿ ಮೊದಲ ಘಟಕ ಆರಂಭವಾಗಿ ಇಂದು ಎಂಟು ಘಟಕಗಳಿಂದ 1,720 ಮೆಗಾವಾಟ್ ಸಾಮರ್ಥ್ಯ ಹೊಂದಿರುವ ಸ್ಥಾವರದ ಚಿಮಣಿಗಳ ನೆರಳಿನಲ್ಲಿ ಕುಳಿತು ಒಂಬತ್ತು ಯೂನಿಟ್ಟಿನ ಲೆಕ್ಕ ಹೇಳಿದರೆ ನಗು ಬರುತ್ತದೆ. ರಾಜ್ಯದ ಎಷ್ಟು ಮನೆಗಳ ಟಿ.ವಿ.ಗಳನ್ನು ದೇವಸುಗೂರಿನ ಕಲ್ಲಿದ್ದಲು ಬೆಳಗಿಸಿದೆಯೋ ಆ ಶಿವನೇ ಬಲ್ಲ.

ಉಳಿದ 330 ರೂಪಾಯಿಗಳನ್ನು ಅವರು ಮಗಳ ಹೆಸರಿನಲ್ಲಿ ಅಂಚೆ ಕಚೇರಿಯ ಆರ್.ಡಿ. ಖಾತೆಗೆ ಕಟ್ಟುತ್ತಿದ್ದಾರೆ. ಐದು ವರ್ಷಕ್ಕೆ 19,800 ರೂಪಾಯಿ ಅಸಲು, ಮೇಲೆ ಬಡ್ಡಿ. ಮಗಳಿಗೆ ವಿಜ್ಞಾನ ಓದುವ ಹಂಬಲ. ಹತ್ತನೆಯ ತರಗತಿ ಮುಗಿದರೆ ರಾಯಚೂರಿಗೆ ದಿನವೂ ಇಪ್ಪತ್ತು ಕಿಲೋಮೀಟರಿನಷ್ಟು ಹೋಗಿ ಬರಬೇಕು, ಪುಸ್ತಕ ಕೊಳ್ಳಬೇಕು, ಶುಲ್ಕ ತುಂಬಬೇಕು. ಈ ಹಣ ಅದೆಲ್ಲಕ್ಕೂ ಸಾಲದು. ಆದರೆ ಮನೆಯಲ್ಲಿ ಮಗಳ ಓದಿಗೆಂದು ಬೇರೆ ತೆಗೆದಿಟ್ಟ ಮೊದಲ ಹಣ ಇದು ಎಂದು ಆ ತಾಯಿ ಪಾಸ್‌ಬುಕ್ಕನ್ನು ಜಗಲಿಯ ಮೇಲಿಂದ ತೆಗೆದು ನಮಗೆ ತೋರಿಸಿದರು. ವಿಭೂತಿಯ ಗಟ್ಟಿಯ ಪಕ್ಕದಲ್ಲಿಯೇ ಅದನ್ನು ಇಟ್ಟಿದ್ದರು.

ಇನ್ನು ಕಾಲದ ಲೆಕ್ಕ. ಇದು ಹಣದ ಲೆಕ್ಕಕ್ಕಿಂತ ದೊಡ್ಡದು. ಸಂಜೆ ಆರೂವರೆಯಿಂದ ಹತ್ತರವರೆಗೆ ಪೆಟ್ಟಿಗೆ ಆರುತ್ತಿರಲಿಲ್ಲ. ಅದರಲ್ಲಿ ನಾಲ್ಕು ಧಾರಾವಾಹಿಗಳು ತಪ್ಪುವಂತಿರಲಿಲ್ಲ, ಒಂದೊಂದು ಅರ್ಧ ಗಂಟೆ. ಜಾಹೀರಾತುಗಳು ಗಂಟೆಗೆ 12 ನಿಮಿಷ ಮೀರಬಾರದೆಂದು ಕೇಬಲ್ ಜಾಲದ ನಿಯಮವಿದೆ. ಆ ಮಿತಿಯೊಳಗೇ ನಡೆದರೂ ಅರ್ಧ ಗಂಟೆಗೆ ಆರು ನಿಮಿಷ, ನಾಲ್ಕು ಧಾರಾವಾಹಿಗೆ 24 ನಿಮಿಷ. ವರ್ಷದಲ್ಲಿ 300 ದಿನವೆಂದು ಹಿಡಿದರೂ 120 ಗಂಟೆಗಳ ಕಾಲ ಆ ಮನೆಯವರು ಸಾಬೂನು, ಚಹಾಪುಡಿ, ಆಭರಣದಂಗಡಿಗಳ ಹೊಗಳಿಕೆಯನ್ನು ಕೇಳುತ್ತಿದ್ದರು. ಹಣ ಕೊಟ್ಟು ಕೇಳುತ್ತಿದ್ದರು ಎಂಬುದನ್ನು ಗಮನಿಸಬೇಕು. ಪ್ರವಚನಕಾರರು ಒಂದು ಗಂಟೆ ಮೀರಿದರೆ ಕೈಗಡಿಯಾರ ನೋಡಿಕೊಳ್ಳುವ ಸದ್ಭಕ್ತರೇ ಇವರು. ಇರಲಿ, ಇದು ನಮ್ಮ ಹಳೆಯ ಸಂಕಟ.

ಆದರೆ ದೂರದರ್ಶನವನ್ನು ಮನೆಹಾಳಿಯೆಂದು ಬಯ್ಯುವ ಗುಂಪಿಗೆ ಸೇರಿದವರು ನಾವಲ್ಲ. ಅದಕ್ಕೊಂದು ಕಾರಣವಿದೆ. ನಮ್ಮ ರಾಯಚೂರು ಜಿಲ್ಲೆಯವರು ಕರ್ನಾಟಕದಲ್ಲಿ ಎಲ್ಲರಿಗಿಂತ ಮೊದಲು ಟಿ.ವಿ. ಕಂಡವರಲ್ಲಿ ಸೇರುತ್ತಾರೆ. ಇಂದಿನ ತರುಣರಿಗೆ ಇದು ನಂಬಲಾಗದ ಮಾತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, 1975ರ ಆಗಸ್ಟ್ 1ರಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ‘ಸೈಟ್’ ಎಂಬ ಪ್ರಯೋಗದಲ್ಲಿ ನೇರ ಪ್ರಸಾರ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಸೀಮೆಯ ರೈತಮಕ್ಕಳು ಆಕಾಶದಿಂದ ಬಂದ ಚಿತ್ರವನ್ನು ಕಂಡಿದ್ದರು.

ಆಗ ಮಠದಲ್ಲಿದ್ದು ಓದುತ್ತಿದ್ದ ನಾವು ಹದಿನೈದರ ಆಸುಪಾಸಿನ ಹುಡುಗರು. ಸಮೀಪದ ಹಳ್ಳಿಯ ಶಾಲೆಗೆ ಅಂತಹದೊಂದು ಪೆಟ್ಟಿಗೆ ಬಂದಿತ್ತು. ಮಾಳಿಗೆಯ ಮೇಲೆ ಕೋಳಿಗೂಡಿನ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬಾನಿಯಂತಹ ಆಂಟೆನಾ. ಅದನ್ನು ನೋಡಲೆಂದೇ ಜನ ಎತ್ತಿನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ, ಒಟ್ಟು ದಿನಕ್ಕೆ ನಾಲ್ಕು ಗಂಟೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು ಕುಣಿತ. ಸಂಜೆಯ ಪೂಜೆಗೆ ತಪ್ಪಿಸಿಕೊಂಡು ಓಡಿಹೋಗಿ ನೋಡಿ ಬಂದುದಕ್ಕೆ ನಮ್ಮ ಗುರುಗಳಿಂದ ಬೆತ್ತದ ಪ್ರಸಾದವೂ ಆಗಿತ್ತು. ಮರುವಾರ ಗುರುಗಳೇ ಬಂದು ಹಿಂದಿನ ಸಾಲಿನಲ್ಲಿ ನಿಂತು ನೋಡಿದರೆಂಬುದನ್ನೂ ಹೇಳಬೇಕು.

ಆಮೇಲೆ ನಡೆದುದು ಇನ್ನೂ ಗಮನಾರ್ಹ. 1976ರ ಜುಲೈ 31ಕ್ಕೆ ಪ್ರಯೋಗದ ಅವಧಿ ಮುಗಿಯಿತು. ಉಪಗ್ರಹ ಹೊರಟುಹೋಯಿತು, ಪರದೆ ಕುರುಡಾಯಿತು. ಮರುವರ್ಷ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಆರಂಭವಾದರೂ ಅದರ ಅಲೆ ನಾವಿದ್ದ ಹಳ್ಳಿಯವರೆಗೆ ಮುಟ್ಟಲಿಲ್ಲ. ಹೀಗೆ ಮೊದಲು ಟಿ.ವಿ. ಪಡೆದವರೂ ನಾವೇ, ಮೊದಲು ಕಳೆದುಕೊಂಡವರೂ ನಾವೇ. ಆದರೆ ಆ ಕಳೆದುಕೊಂಡ ದಿನಗಳಲ್ಲಿ ಹಳ್ಳಿಯಲ್ಲಿ ಒಬ್ಬರಿಗೂ ಒಂಟಿತನ ಕಾಡಲಿಲ್ಲ. ಏಕೆಂದರೆ ಪೆಟ್ಟಿಗೆಯನ್ನು ನೋಡಿದ್ದು ಇನ್ನೂರು ಜನ ಒಟ್ಟಿಗೆ ಕುಳಿತು. ಅದು ಹೋದ ಮೇಲೂ ಆ ಇನ್ನೂರು ಜನ ಅಲ್ಲಿಯೇ ಇದ್ದರು. ಅದೇ ಕಟ್ಟೆಯ ಮೇಲೆ ಭಜನೆ, ಬಯಲಾಟದ ತಾಲೀಮು ನಡೆದವು. 1987ರಲ್ಲಿ ಭಾನುವಾರದ ರಾಮಾಯಣ ಬಂದಾಗಲೂ ಓಣಿಯಲ್ಲಿ ಟಿ.ವಿ. ಇದ್ದ ಒಂದು ಮನೆಗೆ ಎಲ್ಲರೂ ಚಾಪೆ ಹಿಡಿದು ಹೋಗುತ್ತಿದ್ದೆವು. ಉಪಗ್ರಹ ವಾಹಿನಿಗಳು ಬಂದು, 1994ರಲ್ಲಿ ಕನ್ನಡಕ್ಕೆ ಉದಯ ಟಿ.ವಿ. ಬಂದು, ಓಣಿ ಓಣಿಗೆ ಕೇಬಲ್ಲು ಹರಿದ ಮೇಲೆ ಮನೆಗೊಂದು ಪೆಟ್ಟಿಗೆಯಾಯಿತು. ಪಕ್ಕದ ಮನೆಗೆ ಹೋಗುವ ಕಾರಣ ತಪ್ಪಿತು.

ದೇವಸುಗೂರಿನ ಆ ತಾಯಿಯ ದುಃಖ ನಮಗೆ ಅರ್ಥವಾದದ್ದು ಇಲ್ಲಿ. ಆಕೆಯಿಂದ ಸಂಗಾತಿಗಳನ್ನು ಕಿತ್ತುಕೊಂಡದ್ದು ಹಿಂದೆಯೇ, ಟಿ.ವಿ. ಆ ಖಾಲಿ ಜಾಗದಲ್ಲಿ ಬಂದು ಕುಳಿತಿತ್ತು. ಈಗ ಅದನ್ನೂ ಎಬ್ಬಿಸಿ ಕಳುಹಿಸಿದಾಗ ಜಾಗ ಮತ್ತೆ ಖಾಲಿಯಾಯಿತು. ಮಗನಿಗೆ ಇದು ಹೊಳೆಯಲಿಲ್ಲ. ನಮಗೂ ಹೊಳೆದಿರಲಿಲ್ಲ. ಕೇಬಲ್ಲು ಬಿಡಿಸುವ ನಿರ್ಧಾರವನ್ನು ಗಂಡ ಹೆಂಡತಿ ಇಬ್ಬರೇ ಒಂದು ರಾತ್ರಿ ಕುಳಿತು ಮಾಡಿದ್ದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಅದರ ಮುಂದೆ ಕಳೆಯುತ್ತಿದ್ದವರನ್ನು ಕೇಳಿರಲಿಲ್ಲ.

ಮೊದಲ ತಿಂಗಳು ಇನ್ನೂ ಎರಡು ಎಡವಟ್ಟುಗಳಾದವು. ಮಗ ಸಂಜೆಯಾಗುತ್ತಲೇ ಮಾಯವಾಗತೊಡಗಿದ. ಗೆಳೆಯನ ಮನೆಯಲ್ಲಿ ಕ್ರಿಕೆಟ್ಟು ನೋಡುತ್ತಿದ್ದನೆಂಬುದು ಆ ಮನೆಯವರು ಸಹಜವಾಗಿ ಹೇಳಿದಾಗಲೇ ಗೊತ್ತಾದದ್ದು. ತಂದೆಗೆ ಅವಮಾನವೆನಿಸಿ ಹೊಡೆಯಲು ಹೋದರಂತೆ. ಹೆಂಡತಿ ತಡೆದರು. ನಾವು ಕೇಳಿದಾಗ ಹುಡುಗ ತಲೆ ತಗ್ಗಿಸಿ, “ಸಾಲ್ಯಾಗ ಎಲ್ಲಾರೂ ಮ್ಯಾಚಿಂದೇ ಮಾತಾಡ್ತಾರ್ರೀ ಅಜ್ಜಾರ, ನಾ ಒಬ್ಬನೇ ಸುಮ್ನ ನಿಂದರ್ಬೇಕಾಗತೈತಿ” ಎಂದ. ಇದರಲ್ಲಿ ತಪ್ಪು ಹುಡುಕುವುದು ನಮ್ಮಿಂದಾಗಲಿಲ್ಲ.

ಎರಡನೆಯ ಎಡವಟ್ಟು ದೊಡ್ಡದು. ಟಿ.ವಿ. ಹೊರಗೆ ಹೋದ ಬಾಗಿಲಿನಿಂದಲೇ ಮೊಬೈಲು ಒಳಗೆ ಬಂದಿತು. ಅದು ಮೊದಲೇ ಮನೆಯಲ್ಲಿತ್ತು, ಈಗ ಸಿಂಹಾಸನವೇರಿತು. ತಂದೆಯದೊಂದು, ತಾಯಿಯದೊಂದು. ತಾಯಿಯ ಫೋನು ಮಗಳ ಶಾಲೆಯ ಸಂದೇಶಗಳಿಗೆಂದು ಬಂದದ್ದು. ಪೆಟ್ಟಿಗೆಯಲ್ಲಿ ಬರುತ್ತಿದ್ದ ಧಾರಾವಾಹಿಯ ತುಣುಕುಗಳೇ ಅದರಲ್ಲಿ ಒಂದರ ಹಿಂದೊಂದು ಬರತೊಡಗಿದವು. ಟಿ.ವಿ.ಗಾದರೂ ಕಾರ್ಯಕ್ರಮ ಮುಗಿಯುವ ಹೊತ್ತೆಂಬುದಿತ್ತು, ಇದಕ್ಕೆ ಅದೂ ಇಲ್ಲ. ಟಿ.ವಿ.ಯ ಮುಂದೆ ಐವರೂ ಒಂದು ಕಡೆ ಕುಳಿತು ಒಂದನ್ನೇ ನೋಡಿ, ಒಂದೇ ಮಾತಿಗೆ ನಗುತ್ತಿದ್ದರು. ಈಗ ಒಂದೊಂದು ಮೂಲೆಯಲ್ಲಿ ಒಂದೊಂದು ನೀಲಿ ಬೆಳಕು. ಹಣದ ಲೆಕ್ಕದಲ್ಲೂ ಇದು ದುಬಾರಿ. ಫೋನಿನ ತಿಂಗಳು 28 ದಿನಕ್ಕೇ ಮುಗಿಯುತ್ತದೆ. ಆದ್ದರಿಂದ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಣ ತುಂಬಬೇಕು. ಇವರು ಒಂದು ಫೋನಿಗೆ ತುಂಬುತ್ತಿದ್ದುದು 349 ರೂಪಾಯಿ. ಎರಡಕ್ಕೆ ವರ್ಷಕ್ಕೆ 9,074. ಕೇಬಲ್ಲಿನ ಎರಡು ಪಟ್ಟಿಗೂ ಹೆಚ್ಚು. ನಾವು ಕಾಗದದ ಮೇಲೆ ಈ ಗುಣಾಕಾರ ಮಾಡಿ ತೋರಿಸಿದಾಗ ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಅಂದು ನಾವು ಅವರಿಗೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಒಂದು ಹಳ್ಳಿಯ ವಿಷಯ ತಿಳಿಸಿದೆವು. ಕಡೇಗಾಂವ ತಾಲೂಕಿನ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟ್ 15ರಿಂದ ಒಂದು ಪದ್ಧತಿ ಆರಂಭವಾಯಿತು. ಸಂಜೆ ಏಳಕ್ಕೆ ಸರಿಯಾಗಿ ಊರ ಗುಡಿಯಿಂದ ಸೈರನ್ ಕೂಗುತ್ತದೆ. ಎಲ್ಲ ಮನೆಗಳಲ್ಲೂ ಟಿ.ವಿ., ಮೊಬೈಲು ಎರಡೂ ಬಂದ್. ಎಂಟೂವರೆಗೆ ಮತ್ತೆ ಕೂಗುವವರೆಗೆ ಮಕ್ಕಳು ಓದುತ್ತಾರೆ, ದೊಡ್ಡವರು ಮಾತನಾಡುತ್ತಾರೆ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೊಟ್ಟ ಫೋನುಗಳು ಮಕ್ಕಳ ಕೈಬಿಡದಾದಾಗ, ಅಂದಿನ ಸರಪಂಚ ವಿಜಯ ಮೋಹಿತೆಯವರ ಮುಂದಾಳುತನದಲ್ಲಿ ಊರವರು ಇದನ್ನು ಕೈಗೊಂಡರು. ಮೊದಮೊದಲು ಜನ ನಕ್ಕರೆಂದೂ, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಹೇಳಬೇಕಾಯಿತೆಂದೂ ವರದಿಗಳಾದವು. ಅಲ್ಲಿ ಯಾರೂ ಪೆಟ್ಟಿಗೆಯನ್ನು ಎತ್ತಿ ಹೊರಗೆ ಹಾಕಲಿಲ್ಲ. ಒಂದೂವರೆ ಗಂಟೆಯನ್ನು ಮಾತ್ರ ಅದರ ಕೈಯಿಂದ ಬಿಡಿಸಿಕೊಂಡರು, ಅದನ್ನೂ ಊರೆಲ್ಲ ಒಟ್ಟಾಗಿ. ಗೆಳೆಯನ ಮನೆಯಲ್ಲೂ ಪರದೆ ಆರಿದ್ದರೆ ಹುಡುಗ ಓಡಿಹೋಗುವುದೆಲ್ಲಿಗೆ?

ದೇವಸುಗೂರು ಅಂತಹ ಸಣ್ಣ ಹಳ್ಳಿಯಲ್ಲ. ಸ್ಥಾವರ ಬಂದ ಮೇಲೆ ನಾಲ್ಕು ಕಡೆಯ ಜನ, ಮೂರು ಪಾಳಿಯ ದುಡಿಮೆ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಮಲಗುತ್ತಾರೆ. ಊರಿಗೆಲ್ಲ ಒಂದೇ ಸೈರನ್ ಹೊಂದುವುದಿಲ್ಲ. ಆದರೆ ಒಂದು ಮನೆಗೆ ಹೊಂದಬಹುದಲ್ಲ ಎಂದು ಮಗಳೇ ಹೇಳಿದಳು. ಅಂದು ಐವರೂ ಕುಳಿತು, ಈ ಸಲ ಅಜ್ಜಿಯನ್ನು ನಡುವೆ ಕೂರಿಸಿಕೊಂಡು, ಮತ್ತೊಮ್ಮೆ ಮಾತನಾಡಿದರು. ನಾವು ಬಾಯಿ ಮುಚ್ಚಿ ಕುಳಿತಿದ್ದೆವು. ಒಮ್ಮೆ ಮಾತನಾಡಿ ಪಟ್ಟ ಪಾಡು ಸಾಕಾಗಿತ್ತು.

ಅವರು ಮಾಡಿಕೊಂಡ ಏರ್ಪಾಡು ಹೀಗಿದೆ. ಹಣದ ಕೇಬಲ್ಲು ಮರಳಿ ಬರುವುದಿಲ್ಲ. ಅದರ ಬದಲು ದೂರದರ್ಶನದ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಬಾನಿ ಮತ್ತು ಪೆಟ್ಟಿಗೆಗೆ ಒಂದು ಸಲ ಹಣ ಕೊಟ್ಟರೆ ಮುಗಿಯಿತು. ಇವರಿಗೆ ಎಲ್ಲ ಸೇರಿ 1,600 ರೂಪಾಯಿ ತಗಲಿತು, ಅಂದರೆ ಐದು ತಿಂಗಳಿಗೂ ಕಡಿಮೆ ಕೇಬಲ್ಲಿನ ಹಣ. ಕನ್ನಡದ ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಪ್ರೌಢಶಾಲೆಯ ಮಕ್ಕಳಿಗೆ ‘ಸಂವೇದ’ ಪಾಠಗಳನ್ನು ಪ್ರಸಾರ ಮಾಡಿದ್ದೂ ಇದೇ ವಾಹಿನಿ. ಹಗಲು ಅಜ್ಜಿಗೆ ಬೇಕಾದಷ್ಟು ಹೊತ್ತು, ಅದನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಮಾತ್ರ ಆರಿಸಬೇಕು. ಅದೇ ಹೊತ್ತಿಗೆ ಎರಡೂ ಫೋನುಗಳು ದೇವರ ಜಗಲಿಯ ಕೆಳಗಿನ ಗೋಡೆಗೂಡಿನಲ್ಲಿ ಇರಬೇಕು. ತಾಯಿಯ ಫೋನಿಗೆ ಮಾತಿಗಷ್ಟೇ ಸಾಲುವ ಕಡಿಮೆ ಬೆಲೆಯ ರೀಚಾರ್ಜು. ಭಾರತದ ಪಂದ್ಯವಿದ್ದ ದಿನ ಮಗ ಕೇಳಿಕೊಂಡು ಗೆಳೆಯನ ಮನೆಗೆ ಹೋಗಬಹುದು, ಕದ್ದು ಹೋಗಬಾರದು.

ಅಜ್ಜಿಗೆ ಚಂದನ ಅಷ್ಟಾಗಿ ಹಿಡಿಸಿಲ್ಲ. ಅದರಲ್ಲಿ ಅತ್ತೆ ಸೊಸೆಯರ ಜಗಳ ಸಾಲದಂತೆ. ಆಕೆ ನೋಡುತ್ತಿದ್ದ ಧಾರಾವಾಹಿಯ ನಾಯಕಿಗೆ ಏನಾಯಿತೆಂಬ ಚಿಂತೆಯನ್ನು ಪಕ್ಕದ ಮನೆಯ ತಾಯಿಯೊಬ್ಬರು ನೀಗಿಸುತ್ತಿದ್ದಾರೆ. ವಾರಕ್ಕೊಮ್ಮೆ ಮೊರ ಹಿಡಿದು ಬಂದು, ಜೋಳ ಹಸನು ಮಾಡುತ್ತ ಆರು ದಿನದ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತಾರಂತೆ. ಮೂರು ಗಂಟೆಯ ಪ್ರಸಾರದಲ್ಲಿ ಹತ್ತೇ ನಿಮಿಷದ ಕಥೆಯಿರುವುದು ಇದರಿಂದ ತಿಳಿಯಿತು! ಉಳಿದ ಹೊತ್ತು ಇಬ್ಬರೂ ಊರ ಸುದ್ದಿ ಆಡುತ್ತಾರೆ. ಆ ತಾಯಿ ಮೊದಲೂ ಪಕ್ಕದ ಮನೆಯಲ್ಲಿಯೇ ಇದ್ದವರು. ಹನ್ನೆರಡು ವರ್ಷಗಳಲ್ಲಿ ಹೀಗೆ ಬಂದು ಕುಳಿತಿರಲಿಲ್ಲ ಎಂದು ಸೊಸೆ ಹೇಳಿದರು.

ಸಂಜೆಯ ಎರಡು ಗಂಟೆ ಸದಾ ಪುಣ್ಯಕಾರ್ಯದಲ್ಲಿಯೇ ಕಳೆಯುತ್ತದೆಂದು ಬರೆದರೆ ಸುಳ್ಳಾದೀತು. ಯಜಮಾನರಿಗೆ ಎರಡನೆಯ ಪಾಳಿಯಿದ್ದ ವಾರ ಅವರು ಮನೆಯಲ್ಲಿಯೇ ಇರುವುದಿಲ್ಲ. ಎಲ್ಲರೂ ಇದ್ದ ದಿನ ಲಿಂಗಪೂಜೆ ಒಟ್ಟಿಗೆ ಆಗುತ್ತದೆ, ಆಮೇಲೆ ಮಗಳು ಗಣಿತಕ್ಕೆ ಕೂರುತ್ತಾಳೆ. ಕೆಲವು ದಿನ ಅಣ್ಣ ತಂಗಿಯರಂತೆ ಅಕ್ಕ ತಮ್ಮ ಜಗಳವಾಡುತ್ತಾರೆ. ಕೆಲವು ದಿನ ಏನು ಮಾಡಬೇಕೆಂದು ತಿಳಿಯದೆ ಸುಮ್ಮನೆ ಕುಳಿತಿರುತ್ತಾರೆ. ಮೊದಲ ವಾರ ಆ ಮೌನ ತಮಗೆ ಭಯ ಹುಟ್ಟಿಸಿತ್ತೆಂದು ಮನೆಯಾಕೆ ನಮ್ಮೊಡನೆ ಹೇಳಿಕೊಂಡರು. ಮದುವೆಯಾಗಿ ಹದಿನೇಳು ವರ್ಷಗಳಾದರೂ ಗಂಡನೊಡನೆ ಸಂಜೆ ಏನು ಮಾತನಾಡಬೇಕೆಂಬುದು ತೋಚಲಿಲ್ಲವಂತೆ. ಹೊಲಿಗೆಯ ಗಿರಾಕಿಗಳ ವಿಷಯ, ಸ್ಥಾವರದ ಬೂದಿಯ ವಿಷಯ, ತವರಿನ ವಿಷಯ, ಹೀಗೆ ಒಂದೊಂದಾಗಿ ಬಂದವು. ಗುತ್ತಿಗೆ ನವೀಕರಣವಾಗದಿದ್ದರೆ ಏನು ಗತಿಯೆಂದು ಗಂಡ ವರ್ಷಗಳಿಂದ ಒಳಗೊಳಗೇ ಹೆದರಿದ್ದುದು ಆಕೆಗೆ ಗೊತ್ತಾದದ್ದು ಅಂತಹದೊಂದು ಸಂಜೆ.

ಕೇಬಲ್ಲಿನ ಹುಡುಗನ ಮಾತನ್ನೂ ಹೇಳದೆ ಬಿಡಬಾರದು. ಅವನು ನಮ್ಮ ಸಮಾಜದವನೇ. ಒಂದೊಂದು ಮನೆ ಬಿಟ್ಟಂತೆಲ್ಲ ಅವನ ಹೊಟ್ಟೆಗೆ ಅಷ್ಟು ಕಡಿಮೆ. ಕಂಬ ಹತ್ತಿ ತಂತಿ ಎಳೆದು ಬದುಕುವುದೂ ಕಾಯಕವೇ. ಅವನು ಕೋಪಿಸಿಕೊಳ್ಳದೆ, “ಸಾಹುಕಾರ್ ಮನಿಯಾಗೂ ಬಿಡಾಕತ್ತಾರ್ರೀ, ಎಲ್ಲಾರೂ ಫೋನಿನ್ಯಾಗ ನೋಡ್ತಾರ” ಎಂದನಂತೆ. ಅವನಿಗೆ ಹೇಳಲು ನಮ್ಮ ಬಳಿ ಒಳ್ಳೆಯ ಮಾತೊಂದೂ ಇಲ್ಲ.

ಮಹಾಶಿವರಾತ್ರಿಗೆ ಕೆಲವು ದಿನ ಮೊದಲು ನಾವು ಕೊನೆಯ ಸಲ ಆ ಮನೆಗೆ ಹೋಗಿದ್ದೆವು. ಮಗಳ ಪರೀಕ್ಷೆ ಹತ್ತಿರ ಬಂದಿತ್ತು. ಅಂಕಗಳು ಹೆಚ್ಚುತ್ತವೆಯೇ ಎಂಬುದು ನಮಗೂ ತಿಳಿಯದು, ಅವಳಿಗೂ ತಿಳಿಯದು. ಅಜ್ಜಿ ನಮ್ಮನ್ನು ಕಂಡು, “ಬರ್ರಿ ಯಪ್ಪಾ, ಕುಂದರ್ರಿ. ಇವತ್ತು ಏನು ಬಂದ್ ಮಾಡಸಾಕ ಬಂದೀರಿ?” ಎಂದರು. ಮನೆಯವರೆಲ್ಲ ನಕ್ಕರು. ಹೊರಗೆ ಕೃಷ್ಣೆಯ ಕಡೆಯಿಂದ ತಂಗಾಳಿ ಬರುತ್ತಿತ್ತು, ಸ್ಥಾವರದ ದೀಪಗಳು ಹೊತ್ತಿಕೊಂಡಿದ್ದವು. ಗಡಿಯಾರ ಏಳು ತೋರಿಸುತ್ತಲೇ ಹುಡುಗ ಎದ್ದು ತಂದೆ ತಾಯಿಯರ ಫೋನುಗಳನ್ನು ಇಸಿದುಕೊಂಡು ಗೂಡಿನಲ್ಲಿಟ್ಟ. ಆಮೇಲೆ ನಮ್ಮ ಮುಂದೆ ಬಂದು ನಿಂತು ಕೈ ಚಾಚಿದ.

“ನಿಮ್ದೂ ಕೊಡ್ರೀ ಅಜ್ಜಾರ.”

ಜೋಳಿಗೆಯಿಂದ ತೆಗೆದು ಕೊಟ್ಟೆವು. ರಾಯಚೂರಿನ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅದನ್ನು ಅಲ್ಲಿಯೇ ಮರೆತು ಬಂದುಬಿಟ್ಟೆವು. ಮರುದಿನ ಮಧ್ಯಾಹ್ನ ಪಾಳಿ ಮುಗಿಸಿ ಯಜಮಾನರು ತಂದುಕೊಟ್ಟರು.